ಮಧ್ಯಮವೇ ಷಡ್ಜವಾದಾಗ

ಸ ರಿ ಗ ಮ ಪ ದ ನಿ ಎಂದು ಏಳು ಸ್ವರ ಏರಿದ ಮೇಲೆ ಎಂಟನೆಯದಾಗಿ ಸಿಗುವುದು ಮತ್ತೆ ಷಡ್ಜವೇ. ಸರಳೆ ಹಾಡುವ ಮಗುವಿಗೂ ಇದು ಗೊತ್ತು. ಮಂದ್ರದ ಗಾಂಧಾರ ಯಾವುದೋ ತಾರದ ಗಾಂಧಾರವೂ ಅದೇ. ಬರೆಯುವಾಗ ಅಕ್ಷರದ ಕೆಳಗೊಂದು ಅಥವಾ ಮೇಲೊಂದು ಚುಕ್ಕೆ ಇಟ್ಟರೆ ಸ್ಥಾಯಿ ತಿಳಿಯಿತು. ಇಷ್ಟು ಸುಲಭವಾದ ಏರ್ಪಾಡು ನಮಗೆ ಒದಗಿರುವುದು ಸ್ವರಗಳ ಸಾಲು ಎಂಟನೆಯ ಮನೆಯಲ್ಲಿ ಮರಳಿ ಮೊದಲಾಗುವುದರಿಂದ. ಹಾಗೆ ಮರಳದ ಸಾಲುಗಳೂ ಲೋಕದಲ್ಲಿ ಉಂಟು. ಅಲ್ಲಿ ಮಧ್ಯಮಕ್ಕೆ ಬಂದೊಡನೆ ಅದೇ ಷಡ್ಜವಾಗಿಬಿಡುತ್ತದೆ. ಅಲ್ಲಿಂದ ಮತ್ತೆ ಮೊದಲಿನ ನಡಿಗೆ. ಇಂಥ ಸಾಲನ್ನು ಬರೆದಿಡುವುದು ಹೇಗೆ? ಅದರಲ್ಲಿಯೂ ಸ್ವರಗಳ ನಡುವಿನ ಅಂತರಗಳು ನಮ್ಮ ಹನ್ನೆರಡು ಮನೆಗಳಿಗೆ ಒಗ್ಗದ ಸೂಕ್ಷ್ಮ ಅಂತರಗಳಾದರೆ? ಈ ಪ್ರಶ್ನೆಯೊಡನೆ ಗ್ರೀಕ್ ಭಾಷೆಯ ಜನ ಎರಡು ಸಲ, ಎರಡು ಸಾವಿರ ವರ್ಷಗಳ ಅಂತರದಲ್ಲಿ, ಸೆಣಸಿದ್ದಾರೆ. ಮೊದಲ ಸಲ ಬರೆಹ ಉಳಿಯಿತು, ಸಂಗೀತ ಹೋಯಿತು. ಎರಡನೆಯ ಸಲ ಏನಾಯಿತೆಂಬುದನ್ನು ಮುಂದೆ ನೋಡೋಣ.

ಮೊದಲು ತೊಡಕು ಎಲ್ಲಿದೆ ಎಂದು ತಿಳಿಯಬೇಕು. ವೀಣೆಯೋ ಪಿಟೀಲೋ ಕೈಯಲ್ಲಿರುವವರು ಇದನ್ನು ಈಗಲೇ ನುಡಿಸಿ ನೋಡಬಹುದು. ಹರಿಕಾಂಬೋಧಿಯ ಪೂರ್ವಾಂಗವನ್ನು ತೆಗೆದುಕೊಳ್ಳಿ: ಷಡ್ಜ, ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ. ಈಗ ಮಧ್ಯಮವನ್ನೇ ಷಡ್ಜವೆಂದು ಹಿಡಿದು ಅದೇ ಅಂತರಗಳಲ್ಲಿ ಏರಿದರೆ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ ಬರುತ್ತವೆ. ಇಲ್ಲಿಯವರೆಗೆ ಎಲ್ಲವೂ ಹರಿಕಾಂಬೋಧಿಯೇ. ಯಾರಿಗೂ ಸಂಶಯ ಬರುವುದಿಲ್ಲ. ಮೂರನೆಯ ಸಲ ನಿಷಾದವನ್ನು ಷಡ್ಜ ಮಾಡಿಕೊಳ್ಳಿ. ನಿಷಾದ, ತಾರ ಷಡ್ಜ, ರಿಷಭ. ಆಮೇಲೆ ಬರುವುದು ಅಂತರ ಗಾಂಧಾರವಲ್ಲ, ಸಾಧಾರಣ ಗಾಂಧಾರ! ಇನ್ನೊಂದು ಸುತ್ತು ಹೋದರೆ ಧೈವತವೂ ಶುದ್ಧ ಧೈವತವಾಗುತ್ತದೆ. ಕೆಳಗಿನ ಸ್ಥಾಯಿಯಲ್ಲಿ ಒಂದು ಗಾಂಧಾರ, ಮೇಲಿನ ಸ್ಥಾಯಿಯಲ್ಲಿ ಇನ್ನೊಂದು. ಚುಕ್ಕೆಯಿಟ್ಟು ಸ್ಥಾಯಿ ತೋರಿಸುವ ನಮ್ಮ ಉಪಾಯ ಇಲ್ಲಿ ನಡೆಯದು.

ಲೆಕ್ಕದಲ್ಲಿಯೂ ಇದು ಸ್ಪಷ್ಟ. ತಂತಿಯ ಮುಕ್ಕಾಲು ಭಾಗ ಮಿಡಿದರೆ ಮಧ್ಯಮ. ಆ ಮುಕ್ಕಾಲರ ಮುಕ್ಕಾಲು ಎಂದರೆ ಹದಿನಾರರಲ್ಲಿ ಒಂಬತ್ತು ಭಾಗ. ತಾರ ಷಡ್ಜಕ್ಕೆ ಬೇಕಾದುದು ಅರ್ಧ, ಅಂದರೆ ಹದಿನಾರರಲ್ಲಿ ಎಂಟು. ಒಂದು ಭಾಗ ಮಿಕ್ಕಿಯೇ ಮಿಕ್ಕಿತು. ಮಧ್ಯಮದ ಮೇಲೆ ಮಧ್ಯಮ ಪೇರಿಸುತ್ತ ಎಷ್ಟು ದೂರ ಹೋದರೂ ಷಡ್ಜದ ಮೇಲೆ ಸರಿಯಾಗಿ ಬಂದು ನಿಲ್ಲುವುದಿಲ್ಲ. ಮೂರನ್ನು ಎಷ್ಟು ಸಲ ಗುಣಿಸಿಕೊಂಡರೂ ಅದು ಎರಡರ ಗುಣಾಕಾರಕ್ಕೆ ಸಮವಾಗದು ತಾನೆ.

ಹಾಗಾದರೆ ಸ್ವರಕ್ಕೆ ಇಡುವ ಗುರುತು ಏನನ್ನು ಹೇಳಬೇಕು? ಸ್ವರದ ಎತ್ತರವನ್ನೆ, ಅಥವಾ ಗುಂಪಿನೊಳಗೆ ಅದರ ಸ್ಥಾನವನ್ನೆ? ಈ ಎರಡು ಬೇರೆ ಬೇರೆ ಎಂಬುದು ನಮಗೆ ಹೊಸ ಸಂಗತಿಯೇನೂ ಅಲ್ಲ. ಖರಹರಪ್ರಿಯದ ಚತುಶ್ರುತಿ ರಿಷಭವೂ ಕನಕಾಂಗಿಯ ಶುದ್ಧ ಗಾಂಧಾರವೂ ವೀಣೆಯಲ್ಲಿ ಒಂದೇ ಮೆಟ್ಟಿನ ಮೇಲೆ ನುಡಿಯುತ್ತವೆ. ಎತ್ತರ ಒಂದೇ, ಸ್ಥಾನ ಬೇರೆ. ಕನ್ನಡಿಗರಾದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ತಂಜಾವೂರಿನಲ್ಲಿ ಕುಳಿತು ರ ರಿ ರು, ಗ ಗಿ ಗು ಎಂದು ಸ್ವರಗಳನ್ನು ಹೆಸರಿಸಿದಾಗ ಈ ಎರಡನ್ನೂ ಒಂದೇ ಅಕ್ಷರದಲ್ಲಿ ಹಿಡಿದುಬಿಟ್ಟರು. ವ್ಯಂಜನ ಸ್ಥಾನವನ್ನು ಹೇಳುತ್ತದೆ, ಅದಕ್ಕೆ ಹತ್ತಿದ ಸ್ವರಾಕ್ಷರ ಎತ್ತರವನ್ನು ಹೇಳುತ್ತದೆ. ‘ರಿ’ಯ ಮೆಟ್ಟೂ ‘ಗ’ದ ಮೆಟ್ಟೂ ಒಂದೇ ಆದರೂ ಹಾಡುವವನಿಗೆ ಗೊಂದಲವಿಲ್ಲ. ಈ ಜಾಣ್ಮೆಯನ್ನು ನೆನಪಿನಲ್ಲಿಟ್ಟುಕೊಂಡು ಗ್ರೀಸಿಗೆ ಹೋಗೋಣ.

ಪ್ರಾಚೀನ ಗ್ರೀಕರ ಸಂಗೀತಶಾಸ್ತ್ರಕ್ಕೆ ಅಡಿಗಲ್ಲು ಸ್ಥಾಯಿಯಲ್ಲ, ನಾಲ್ಕು ಸ್ವರಗಳ ಗುಂಪು. ಅದನ್ನು ಅವರು ಟೆಟ್ರಕಾರ್ಡ್ ಎಂದರು. ನಾಲ್ಕು ತಂತಿ ಎಂದು ಅರ್ಥ. ನಾವು ಚತುಷ್ಕವೆನ್ನೋಣ. ಅದರ ಎರಡು ತುದಿಗಳು ಷಡ್ಜ ಮಧ್ಯಮಗಳಂತೆ ಅಚಲ. ನಡುವಿನ ಎರಡು ಸ್ವರಗಳು ಮಾತ್ರ ಅತ್ತಿತ್ತ ಸರಿಯತಕ್ಕವು. ಸ್ವರಗಳ ಹೆಸರುಗಳೂ ಸ್ಥಾನದಿಂದ ಬಂದವು, ಅದೂ ಲೈರ್ ವಾದ್ಯದ ಮೇಲಿನ ಸ್ಥಾನದಿಂದ. ಒಂದು ತಂತಿಯ ಹೆಸರು ‘ಮೆಸೆ’, ನಡುವಣದು. ಇನ್ನೊಂದು ‘ಲಿಖನೋಸ್’, ತೋರುಬೆರಳು. ತೀರ ಕೆಳದನಿಯ ತಂತಿಗೆ ‘ಹಿಪಾತೆ’, ಎಲ್ಲಕ್ಕಿಂತ ಮೇಲಿನದು ಎಂಬ ಹೆಸರು! ವಾದ್ಯವನ್ನು ಹಿಡಿದಾಗ ಆ ತಂತಿ ಮೇಲ್ಗಡೆ ಇರುತ್ತಿದ್ದುದರಿಂದ ಹೀಗಾಯಿತು. ಪುಸ್ತಕ ಓದಿ ಗ್ರೀಕ್ ಸಂಗೀತ ಕಲಿಯಹೊರಟವರು ಮೊದಲು ಎಡವುವುದು ಇಲ್ಲಿಯೇ.

ಚತುಷ್ಕಗಳನ್ನು ಜೋಡಿಸುವ ಬಗೆ ಎರಡು. ಎರಡರ ನಡುವೆ ಒಂದು ಪೂರ್ಣ ಸ್ವರದ ಸಂದು ಬಿಟ್ಟರೆ ನಮ್ಮ ಪೂರ್ವಾಂಗ ಉತ್ತರಾಂಗಗಳಂತೆ ಸ್ಥಾಯಿ ತುಂಬುತ್ತದೆ. ಸಂದು ಬಿಡದೆ ಒಂದರ ಕೊನೆಯ ಸ್ವರವನ್ನೇ ಇನ್ನೊಂದರ ಮೊದಲು ಮಾಡಿದರೆ ನಾವು ಹರಿಕಾಂಬೋಧಿಯಲ್ಲಿ ಕಂಡ ಹೊರಳು ಸಾಲು. ಗ್ರೀಕರು ಇದನ್ನು ‘ಚಿಕ್ಕ ವ್ಯವಸ್ಥೆ’ ಎಂದು ಕರೆದು, ಮೂರು ಚತುಷ್ಕಗಳನ್ನು ಬೆಸೆದು ಅಲ್ಲಿಗೆ ನಿಲ್ಲಿಸಿದರು.

ನಡುವಿನ ಸ್ವರಗಳು ಸರಿಯುವುದೆಷ್ಟು? ಇಲ್ಲಿ ಸೂಕ್ಷ್ಮ ಬಂತು. ಗ್ರೀಕರಲ್ಲಿ ಮೂರು ಜಾತಿಗಳಿದ್ದವು. ಡಯಟೋನಿಕ್ ಎಂಬುದು ಸುಮಾರಾಗಿ ನಮಗೆ ಪರಿಚಿತವಾದ ಅರ್ಧ, ಪೂರ್ಣ, ಪೂರ್ಣ. ಕ್ರೊಮ್ಯಾಟಿಕ್ ಎಂಬುದರಲ್ಲಿ ಕೆಳಗೆ ಎರಡು ಕಿರಿದಾದ ಹೆಜ್ಜೆ, ಮೇಲೆ ಒಂದು ದೊಡ್ಡ ಜಿಗಿತ. ಎನ್‌ಹಾರ್ಮೋನಿಕ್ ಎಂಬುದರಲ್ಲಿ ಕೆಳಗಿನ ಎರಡು ಹೆಜ್ಜೆಗಳೂ ಸುಮಾರು ಕಾಲುಸ್ವರ ಮಾತ್ರ. ಅಲ್ಲಿಂದ ಒಮ್ಮೆಗೇ ಎರಡು ಪೂರ್ಣ ಸ್ವರಗಳಷ್ಟು ನೆಗೆತ. ಷಡ್ಜಕ್ಕೂ ಶುದ್ಧ ರಿಷಭಕ್ಕೂ ನಡುವೆ ಇನ್ನೊಂದು ಸ್ವರವನ್ನು ನಿಲ್ಲಿಸಿ ಮೂರನ್ನೂ ಬಿಡಿಬಿಡಿಯಾಗಿ ಹಾಡಬೇಕೆಂದರೆ ಎಂಥ ಕಂಠ, ಎಂಥ ಕಿವಿ ಬೇಕು! ಗಮಕದಲ್ಲಿ ಆ ಜಾಗವನ್ನು ಸವರಿಕೊಂಡು ಹೋಗುವುದು ನಮ್ಮವರಿಗೆ ಗೊತ್ತು. ಅಲ್ಲಿ ನಿಲ್ಲುವುದು ಬೇರೆ ಮಾತು. ಟ್ಯಾರೆಂಟಮ್ ಪಟ್ಟಣದ ಆರ್ಕಿಟಾಸ್ ಎಂಬ ಗಣಿತಜ್ಞ ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಈ ಮೂರು ಹೆಜ್ಜೆಗಳನ್ನು ೨೮ಕ್ಕೆ ೨೭, ೩೬ಕ್ಕೆ ೩೫, ೫ಕ್ಕೆ ೪ ಎಂಬ ಅನುಪಾತಗಳಲ್ಲಿ ಕೊಟ್ಟಿದ್ದಾನೆಂದು ಟಾಲೆಮಿ ದಾಖಲಿಸಿದ್ದಾನೆ. ಮೂರನ್ನೂ ಗುಣಿಸಿದರೆ ೪ಕ್ಕೆ ೩ ಎಂಬ ಶುದ್ಧ ಮಧ್ಯಮ ಬರುತ್ತದೆ.

ಇದನ್ನೆಲ್ಲ ಬರೆದಿಡಲು ಗ್ರೀಕರು ಎರಡು ಲಿಪಿಗಳನ್ನು ಮಾಡಿಕೊಂಡಿದ್ದರು, ಹಾಡಿಗೊಂದು, ವಾದ್ಯಕ್ಕೊಂದು. ಹಾಡಿನದು ತಮ್ಮ ವರ್ಣಮಾಲೆಯ ಅಕ್ಷರಗಳೇ. ವಾದ್ಯದ್ದು ಸ್ವಾರಸ್ಯವಾದುದು. ಅದರಲ್ಲಿ ಒಂದು ಅಕ್ಷರ ನೆಟ್ಟಗೆ ನಿಂತರೆ ಒಂದು ಸ್ವರ. ಅದನ್ನೇ ಬೆನ್ನ ಮೇಲೆ ಮಲಗಿಸಿದರೆ ಅದಕ್ಕಿಂತ ಕೂದಲೆಳೆ ಮೇಲಿನ ಸ್ವರ. ಹಿಂದುಮುಂದಾಗಿ ತಿರುಗಿಸಿದರೆ ಇನ್ನೂ ಮೇಲಿನದು. ಎನ್‌ಹಾರ್ಮೋನಿಕ್ ಚತುಷ್ಕದ ಕೆಳಗೆ ಒತ್ತಾಗಿ ನಿಂತ ಮೂರು ಸ್ವರಗಳಿಗೆ ಒಂದೇ ಅಕ್ಷರದ ಮೂರು ಭಂಗಿ. ವೆಂಕಟಮಖಿಯವರ ರ ರಿ ರು ನಿಮಗೆ ನೆನಪಾಗಿರಬಹುದು. ಅಕ್ಷರಗಳನ್ನು ಹೀಗೆ ಮೂರು ಮೂರಾಗಿ ಕಟ್ಟಿರುವುದನ್ನು ನೋಡಿದರೆ ಈ ಲಿಪಿಯ ಮನೆಮಗಳು ಆ ಸೂಕ್ಷ್ಮಜಾತಿಯೇ ಎನಿಸುತ್ತದೆ. ಆದರೆ ಕಾಲಾನಂತರ ಕ್ರೊಮ್ಯಾಟಿಕ್ ಜಾತಿಯನ್ನು ಬರೆಯಲೂ ಇದೇ ಮೂರು ಭಂಗಿಗಳನ್ನು ಎರವಲು ತೆಗೆದುಕೊಂಡರು. ಎಲ್ಲಿ ಕಾಲುಸ್ವರ ಇತ್ತೋ ಅಲ್ಲಿ ಅರ್ಧಸ್ವರ ಎಂದು ಓದಿಕೊಳ್ಳಬೇಕು. ಗೊಂದಲವಾಗದಂತೆ ಒಂದು ಗೀಟು ಹಾಕುವ ಪದ್ಧತಿಯನ್ನು ಶಾಸ್ತ್ರಗ್ರಂಥ ಹೇಳುತ್ತದೆ. ಆ ಗೀಟನ್ನು ಹಾಡುಗಾರರು ಹಾಕಿದರೆ ತಾನೆ! ತಿಳಿದವನು ಹಾಡಿಕೊಳ್ಳುತ್ತಾನೆ ಎಂಬ ಭರವಸೆಯಿದ್ದಾಗ ಗೀಟಿನ ಗೊಡವೆ ಯಾರಿಗೆ?

ಈ ಬಗೆಯ ಬರೆಹದ ಮೇಲೆ ಆ ಕಾಲದಲ್ಲಿಯೇ ಒಬ್ಬ ಸಿಡಿದೆದ್ದಿದ್ದ. ಅವನು ಅರಿಸ್ಟಾಟಲನ ಶಿಷ್ಯ ಅರಿಸ್ಟಾಕ್ಸೆನಸ್, ಆರ್ಕಿಟಾಸನ ಊರಿನವನೇ. ಸ್ವರಲಿಪಿಯನ್ನು ಬರೆಯಬಲ್ಲವನೇ ಸಂಗೀತಶಾಸ್ತ್ರವನ್ನು ಬಲ್ಲವನು ಎಂದು ಹೇಳಿಕೊಳ್ಳುತ್ತಿದ್ದವರನ್ನು ಅವನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದಾನೆ. ಫ್ರಿಜಿಯನ್ ಧಾಟಿಯ ಹಾಡನ್ನು ಗುರುತುಹಾಕಿಕೊಳ್ಳಬಲ್ಲವನಿಗೆ ಫ್ರಿಜಿಯನ್ ಎಂದರೇನೆಂದು ತಿಳಿದಿರಬೇಕೆಂಬ ನಿಯಮವಿಲ್ಲ ಎಂಬುದು ಅವನ ವಾದ. ಗುರುತು ಅಂತರದ ಗಾತ್ರವನ್ನು ಹೇಳಬಹುದು. ಆ ಮಧ್ಯಮವನ್ನು ಒಳಗೆ ಯಾವ ಜಾತಿಯಂತೆ ಸೀಳಿದೆ ಎಂದು ಹೇಳದು. ಒಂದೇ ಗಾತ್ರದ ಎರಡು ಚತುಷ್ಕಗಳಲ್ಲಿ ಸ್ವರಗಳು ಮಾಡುವ ಕೆಲಸ ಬೇರೆ ಎಂಬುದನ್ನೂ ಹೇಳದು. ಸ್ವರ ಮಾಡುವ ಆ ಕೆಲಸಕ್ಕೆ ಅವನು ಕೊಟ್ಟ ಹೆಸರು ‘ದಿನಾಮಿಸ್’, ಅಂದರೆ ಶಕ್ತಿ. ನಮ್ಮವರು ಜೀವಸ್ವರ ಎನ್ನುವಾಗ ಮನಸ್ಸಿನಲ್ಲಿರುವುದು ಇದಕ್ಕೆ ತೀರ ದೂರವಾದುದಲ್ಲ.

ಅರಿಸ್ಟಾಕ್ಸೆನಸನಿಗೆ ಇನ್ನೊಂದು ಕೊರಗಿತ್ತು. ತನ್ನ ಕಾಲದ ಗಾಯಕರು ಲಿಖನೋಸನ್ನು ಮೇಲಕ್ಕೆಳೆದು ಹಾಡನ್ನು ಸಿಹಿಮಾಡುತ್ತಾರೆ, ಹಿಂದಿನ ಎನ್‌ಹಾರ್ಮೋನಿಕ್ ಅವರ ಕಿವಿಗೆ ಹಿಡಿಸುವುದಿಲ್ಲ ಎಂಬುದು ಅದು. ಪ್ಲುಟಾರ್ಕನ ಹೆಸರಿನಲ್ಲಿ ಬಂದಿರುವ ಸಂಗೀತದ ಗ್ರಂಥದಲ್ಲಿ ಈ ದೂರು ಇನ್ನೂ ಕಟುವಾಗಿದೆ: ಎಲ್ಲಕ್ಕಿಂತ ಘನವಾದ ಜಾತಿಯನ್ನು ಜನ ಕೈಬಿಟ್ಟಿದ್ದಲ್ಲದೆ ಕಾಲುಸ್ವರವೆಂಬುದು ಕಿವಿಗೆ ಕೇಳುವುದೇ ಇಲ್ಲವೆಂದು ವಾದಿಸುತ್ತಾರಂತೆ! ತಮಗೆ ಕೇಳದಿದ್ದುದು ಇಲ್ಲವೇ ಇಲ್ಲವೆಂಬ ವಾದ ನಮಗೂ ಅಪರಿಚಿತವಲ್ಲ.

ಕೊನೆಗೆ ಹಾಡುವವರು ಹೋದರು. ಕ್ರಿಸ್ತಶಕದ ನಾಲ್ಕನೆಯ ಶತಮಾನದ ಸುಮಾರಿಗೆ ಅಲಿಪಿಯಸ್ ಎಂಬವನು ಹದಿನೈದು ಶ್ರುತಿಗಳಲ್ಲಿ ಸ್ವರಗುರುತುಗಳ ಪಟ್ಟಿಗಳನ್ನು ಬರೆದಿಟ್ಟ. ಇಂದು ಪ್ರಾಚೀನ ಗ್ರೀಕ್ ಸ್ವರಲಿಪಿಯನ್ನು ಯಾರಾದರೂ ಓದಬಲ್ಲರೆಂದರೆ ಅದು ಈ ಪುಣ್ಯಾತ್ಮನ ದಯೆ. ಅವನ ಪಟ್ಟಿಗಳು ಡಯಟೋನಿಕ್ ಮುಗಿಸಿ, ಕ್ರೊಮ್ಯಾಟಿಕ್ ಮುಗಿಸಿ, ಎನ್‌ಹಾರ್ಮೋನಿಕ್ ಜಾತಿಯ ನಡುವಿನಲ್ಲಿ ನಿಂತುಹೋಗಿವೆ. ಮುಂದಿನ ಭಾಗ ದೊರೆತಿಲ್ಲ. ಯಾವುದು ಮೊದಲು ಜನರ ಬಾಯಿಂದ ಹೋಯಿತೋ ಪುಸ್ತಕದಲ್ಲಿಯೂ ಅದೇ ಹರಿಯಿತು.

ಸ್ವರಗುರುತುಗಳೊಡನೆ ಉಳಿದು ಬಂದಿರುವ ಪ್ರಾಚೀನ ಗ್ರೀಕ್ ಹಾಡುಗಳ ತುಣುಕುಗಳು ಎಲ್ಲ ಸೇರಿ ಅರವತ್ತರ ಆಸುಪಾಸು. ಅವುಗಳಲ್ಲಿ ಒಂದು ವಿಯೆನ್ನಾ ನಗರದಲ್ಲಿದೆ. ಯೂರಿಪಿಡೀಸ್ ಕವಿಯ ‘ಒರೆಸ್ಟೀಸ್’ ನಾಟಕ ಕ್ರಿ. ಪೂ. ೪೦೮ರಲ್ಲಿ ಅಥೆನ್ಸಿನಲ್ಲಿ ಆಡಲ್ಪಟ್ಟಿತು. ಅದರ ಮೇಳಗೀತದ ಕೆಲವು ಮುರುಕು ಸಾಲುಗಳು, ಪದಗಳ ಮೇಲೆ ಸ್ವರಾಕ್ಷರಗಳೊಡನೆ, ಈಜಿಪ್ಟಿನಿಂದ ಬಂದ ಒಂದು ಪಪೈರಸ್ ಚೂರಿನಲ್ಲಿ ಕಂಡುಬಂದವು. ೧೮೯೨ರಲ್ಲಿ ಅದು ಪ್ರಕಟವಾಯಿತು. ಚೂರಿನ ಬರೆಹ ಕವಿಯ ಕಾಲಕ್ಕಿಂತ ಸುಮಾರು ಎರಡು ಶತಮಾನ ಈಚಿನದು. ಧಾಟಿ ಕವಿಯದೇ ಹೌದೆ ಎಂಬ ಪ್ರಶ್ನೆ ಇದ್ದೇ ಇದೆ. ನಮ್ಮ ವಿಷಯಕ್ಕೆ ಬೇಕಾದುದು ಇನ್ನೊಂದು. ಅಲ್ಲಿರುವ ಒತ್ತಾದ ಸ್ವರಗಳು ಕಾಲುಸ್ವರಗಳೋ ಅರ್ಧಸ್ವರಗಳೋ ಗುರುತು ನೋಡಿ ಹೇಳಲಾಗುವುದಿಲ್ಲ. ಅಕ್ಷರ ಸ್ಪಷ್ಟವಾಗಿದೆ, ಓದುವ ಕೀಲಿಯೂ ಅಲಿಪಿಯಸನಿಂದ ದೊರೆತಿದೆ; ಆದರೂ ಹಾಡಲು ನಿಂತವನು ಎರಡರಲ್ಲಿ ಒಂದನ್ನು ತಾನೇ ಆರಿಸಿಕೊಳ್ಳಬೇಕು. ಅಥೆನ್ಸಿನ ಬಯಲು ರಂಗಶಾಲೆಯಲ್ಲಿ ಕುಳಿತ ಸಾಮಾನ್ಯ ಪ್ರೇಕ್ಷಕನಿಗೆ ತಾನಾಗಿ ತಿಳಿಯುತ್ತಿದ್ದ ಸಂಗತಿ ಪಂಡಿತರಿಗೆ ಇಂದು ಬಿಡಿಸಲಾಗದ ಒಗಟು.

ಎರಡನೆಯ ಸೆಣಸಾಟ ನಡೆದುದು ಕಾನ್‌ಸ್ಟಾಂಟಿನೋಪಲಿನಲ್ಲಿ, ಗ್ರೀಕ್ ಕ್ರೈಸ್ತರ ದೇವಾಲಯಗಳಲ್ಲಿ. ಅಲ್ಲಿಯ ಸಂಗೀತ ವಾದ್ಯಗಳಿಲ್ಲದ ಕಂಠಸಂಗೀತ. ಒಬ್ಬಿಬ್ಬರು ಒಂದೇ ಸ್ವರವನ್ನು ತಂಬೂರಿಯಂತೆ ಹಿಡಿದಿರುವಾಗ ಉಳಿದವರು ಹಾಡುತ್ತಾರೆ. ಹಳೆಯ ಅಕ್ಷರಲಿಪಿಯನ್ನು ಈ ಗಾಯಕರು ಕಂಡವರಲ್ಲ. ಅವರ ಸ್ವರಲಿಪಿಯ ತಿರುಳೇ ಬೇರೆ: ಒಂದೊಂದು ಗುರುತೂ ಸ್ವರವನ್ನು ಹೇಳುವುದಿಲ್ಲ, ಹೆಜ್ಜೆಯನ್ನು ಹೇಳುತ್ತದೆ. ‘ಈಸೋನ್’ ಎಂದರೆ ಇದ್ದಲ್ಲೇ ಇರು. ‘ಒಲಿಗೋನ್’ ಎಂದರೆ ಒಂದು ಮೆಟ್ಟಿಲು ಏರು. ‘ಅಪೋಸ್ತ್ರೊಫೋಸ್’ ಎಂದರೆ ಒಂದು ಇಳಿ. ‘ಇಪ್ಸಿಲಿ’ ಎಂದರೆ ನಾಲ್ಕು ಮೆಟ್ಟಿಲು ಜಿಗಿ. ಮೆಟ್ಟಿಲಿನ ಎತ್ತರವೆಷ್ಟು ಎಂದು ಗುರುತನ್ನು ಕೇಳಬಾರದು; ಅದು ರಾಗಕ್ಕೆ ಸೇರಿದ ವಿಚಾರ, ಗುರುವಿನ ಬಾಯಿಂದ ಬರತಕ್ಕದ್ದು. ಹೊರಟ ಸ್ವರ ಒಂದು ಗೊತ್ತಿದ್ದರೆ ಹೆಜ್ಜೆ ಎಣಿಸುತ್ತ ಹೋಗಬಹುದು. ಆದರೆ ನಡುವೆ ಒಂದು ಹೆಜ್ಜೆ ತಪ್ಪಿದರೆ ಕೊನೆಯವರೆಗೂ ತಪ್ಪೇ! ಅದಕ್ಕಾಗಿ ಅಲ್ಲಲ್ಲಿ ‘ಸಾಕ್ಷಿ’ ಎಂಬ ಅರ್ಥದ ‘ಮಾರ್ತಿರಿಯಾ’ ಗುರುತುಗಳನ್ನು ನೆಡುತ್ತಿದ್ದರು, ದಾರಿಯ ಮೈಲಿಗಲ್ಲಿನಂತೆ.

ಇಂಥ ಲಿಪಿ ಕೆಲವು ನೂರು ವರ್ಷ ಬೆಳೆದು ಗುರುತುಗಳು ಮಿತಿಮೀರಿ ಹೆಚ್ಚಿದವು. ಗುರುಮುಖದಿಂದ ಕಲಿಯಲು ಬಹುಕಾಲ ಹಿಡಿಯುತ್ತಿತ್ತು. ೧೮೧೪ರಲ್ಲಿ ಮದಿತೋಸ್ ಊರಿನ ಕ್ರಿಸಾಂಥೋಸ್, ಗ್ರೆಗೊರಿಯೋಸ್, ಹೂರ್ಮೂಝಿಯೋಸ್ ಎಂಬ ಮೂವರು ಸೇರಿ ಅದನ್ನು ತಿದ್ದಿದರು. ಗ್ರೀಕರು ಅವರನ್ನು ಇಂದಿಗೂ ‘ಮೂವರು ಗುರುಗಳು’ ಎಂದೇ ಕರೆಯುತ್ತಾರೆ. ಅವರ ಕ್ರಮದಲ್ಲಿ ಸ್ವರಗಳ ಹೆಸರು ಪ, ವು, ಗ, ದಿ, ಕೆ, ಝೋ, ನಿ. ಪ ಗ ನಿ ಎಂಬುವನ್ನು ಕೇಳಿ ಇದು ನಮ್ಮ ಸರಿಗಮದ ನೆಂಟಸ್ತಿಕೆಯೋ ಎಂದು ಯಾರಾದರೂ ಸಂಭ್ರಮಪಟ್ಟಾರು. ಹಾಗೇನೂ ಇಲ್ಲ. ಗ್ರೀಕ್ ವರ್ಣಮಾಲೆಯ ಮೊದಲ ಏಳು ಅಕ್ಷರಗಳಾದ ಆಲ್ಫ, ಬೀಟ, ಗಾಮ ಮುಂತಾದುವಕ್ಕೆ ಬಾಯಿಗೆ ಬರುವಂತೆ ಒಂದೊಂದು ಧ್ವನಿ ಸೇರಿಸಿ ಮಾಡಿದ ಹೆಸರುಗಳು ಅವು.

ಏಳು ಹೆಸರು ಇಟ್ಟೊಡನೆ ಸಾಲು ಎಂಟನೆಯ ಮನೆಗೆ ಮರಳುತ್ತದೆಂದು ಒಪ್ಪಿಕೊಂಡಂತಾಯಿತು. ಆದರೆ ಹಾಡುಗಳು ಹಾಗೆ ಒಪ್ಪಬೇಕಲ್ಲ! ಸಾಲು ಹೊರಳುವ ಬಗೆ ಮೂರು ಎಂದು ಕ್ರಿಸಾಂಥೋಸರೇ ವಿವರಿಸುತ್ತಾರೆ: ಸ್ಥಾಯಿಗೆ ಹೊರಳುವುದು ಒಂದು, ಪಂಚಮಕ್ಕೆ ಹೊರಳುವ ‘ಚಕ್ರ’ ಇನ್ನೊಂದು, ಮಧ್ಯಮಕ್ಕೆ ಹೊರಳುವ ‘ತ್ರಿಫೋನಿಯಾ’ ಮೂರನೆಯದು. ತ್ರಿಫೋನಿಯಾ ಎಂದರೆ ಮೂರು ದನಿ. ನಾಲ್ಕು ಸ್ವರಗಳಿರುವಲ್ಲಿ ಮೂರೇಕೆಂದರೆ ಅವರು ಎಣಿಸುವುದು ಹೆಜ್ಜೆಗಳನ್ನು.

ಇನ್ನು ಸೂಕ್ಷ್ಮ. ಕ್ರಿಸಾಂಥೋಸರು ಸ್ಥಾಯಿಯನ್ನು ೬೮ ಭಾಗ ಮಾಡಿದರು. ಹೆಜ್ಜೆಗಳು ಮೂರು ಬಗೆ: ದೊಡ್ಡದು ೧೨, ನಡುವಣದು ೯, ಚಿಕ್ಕದು ೭. ಮೂರೂ ಸೇರಿದರೆ ೨೮ ಭಾಗದ ಮಧ್ಯಮ. ಗಮನಿಸಿ, ಇದರಲ್ಲಿ ನಮ್ಮ ಹಾರ್ಮೋನಿಯಂ ಬಲ್ಲ ಅರ್ಧಸ್ವರವಿಲ್ಲ. ೯ ಭಾಗದ ಹೆಜ್ಜೆಯೂ ೭ ಭಾಗದ ಹೆಜ್ಜೆಯೂ ಅರ್ಧಕ್ಕೂ ಪೂರ್ಣಕ್ಕೂ ನಡುವೆ ನಿಂತವು. ‘ಗ’ದಿಂದ ಮಾಮೂಲಾಗಿ ಏರಿದರೆ ಹೆಜ್ಜೆಗಳು ೧೨, ೧೨, ೯. ‘ಗ’ವನ್ನೇ ‘ನಿ’ ಎಂದು ಭಾವಿಸಿ ಏರಿದರೆ ೧೨, ೯, ೭. ಹಾಗೆ ಮಾಡಿದಾಗ ‘ಕೆ’ ತನ್ನ ಜಾಗದಿಂದ ೩ ಭಾಗ ಇಳಿಯುತ್ತದೆ, ‘ಝೋ’ ೫ ಭಾಗ ಇಳಿಯುತ್ತದೆ. ಹೆಸರು ಅದೇ, ದನಿ ಬೇರೆ. ಇದನ್ನು ಪುಟದ ಮೇಲೆ ತೋರಿಸುವುದು ಹೇಗೆ?

ಆ ಮೂವರ ಉಪಾಯ ನನಗೆ ಬಹಳ ಮೆಚ್ಚಿಗೆಯಾದುದು. ‘ಕೆ’ಗೆ ಒಂದು ಇಳಿಗುರುತು, ‘ಝೋ’ಗೆ ಇನ್ನೊಂದು ಎಂದು ಅವರು ತೇಪೆ ಹಾಕಲಿಲ್ಲ. ‘ಗ’ದ ಮೇಲೆ ‘ನಿ’ಯ ಚಿಹ್ನೆಯೊಂದನ್ನು ಇಟ್ಟರು. ಇಲ್ಲಿಂದ ಮುಂದೆ ಈ ಸ್ವರವನ್ನು ‘ನಿ’ ಎಂದು ತಿಳಿದು ಹಾಡು ಎಂದು ಅದರ ಅರ್ಥ. ಈ ಬಗೆಯ ಚಿಹ್ನೆಗೆ ಹೆಸರು ‘ಫ್ಥೊರಾ’. ಕೆಡುಕು, ನಾಶ ಎಂಬ ಅರ್ಥದ ಮಾತು. ಹಿಂದಿನ ಸಾಲನ್ನು ಅದು ಅಳಿಸಿಹಾಕುತ್ತದೆ. ಇಷ್ಟಾದ ಮೇಲೆ ಉಳಿದ ಸ್ವರಗಳೆಲ್ಲ ತಾವಾಗಿ ತಮ್ಮ ಜಾಗಕ್ಕೆ ಸರಿದುಕೊಳ್ಳುತ್ತವೆ, ಹಾಡುಗಾರನಿಗೆ ‘ನಿ’ಯಿಂದ ಏರುವ ನಡಿಗೆ ಕಂಠಗತವಾಗಿರುವುದರಿಂದ. ಸಾಕ್ಷಿಗುರುತಿಗೂ ಅವರು ಎರಡು ಅಂತಸ್ತು ಮಾಡಿದರು: ಒಂದು ಭಾಗ ಸ್ವರದ ಅಕ್ಷರ, ಇನ್ನೊಂದು ಭಾಗ ಗುಂಪಿನೊಳಗೆ ಅದರ ಸ್ಥಾನ. ಗ್ರಹಭೇದ ಬಲ್ಲ ನಮ್ಮ ವಿದ್ವಾಂಸರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಪುನ್ನಾಗವರಾಳಿ, ನವರೋಜುಗಳನ್ನು ಮಧ್ಯಮಶ್ರುತಿಯಲ್ಲಿ ಹಾಡುವಾಗ ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಂಡು ನಾವು ಮಾಡುವುದೂ ಇದೇ ಮನಸ್ಸಿನ ಕೆಲಸ. ನಮ್ಮಲ್ಲಿ ಅದಕ್ಕೊಂದು ಗುರುತಿಲ್ಲ, ‘ಮಧ್ಯಮಶ್ರುತಿ’ ಎಂದು ತಲೆಬರಹದಲ್ಲಿ ಬರೆದುಬಿಡುತ್ತೇವೆ.

ರಷ್ಯದ ಹಳೆಯ ದೇವಾಲಯ ಸಂಗೀತದ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಅವರ ಹನ್ನೆರಡು ಸ್ವರಗಳ ಸಾಲು ಮೂರು ಮೂರರ ನಾಲ್ಕು ಗುಂಪು. ಅವಕ್ಕೆ ಸರಳ, ಮಬ್ಬು, ಬೆಳಕು, ಮುಮ್ಮಡಿ ಬೆಳಕು ಎಂಬ ಸೊಗಸಾದ ಹೆಸರುಗಳು. ಗುಂಪಿನಿಂದ ಗುಂಪಿಗೆ ಅಂತರ ಮಧ್ಯಮ. ನಾವು ಹರಿಕಾಂಬೋಧಿಯಲ್ಲಿ ನುಡಿಸಿ ನೋಡಿದ ಸಾಲು ಸಾಕ್ಷಾತ್ ಅದೇ, ಮೇಲೆ ಹೋದಾಗ ಇಳಿಯುವ ಗಾಂಧಾರದ ಸಮೇತ. ಹದಿನೇಳನೆಯ ಶತಮಾನದಲ್ಲಿ ಅವರು ಹಳೆಯ ಗುರುತುಗಳ ಪಕ್ಕದಲ್ಲಿ ಕೆಂಪು ಮಸಿಯ ಅಕ್ಷರಗಳನ್ನಿಟ್ಟು ಎತ್ತರವನ್ನು ಸೂಚಿಸಿದರು. ಅಲ್ಲಿ ಸೂಕ್ಷ್ಮಸ್ವರದ ಗೋಜಿಲ್ಲದುದರಿಂದ ಅಷ್ಟಕ್ಕೆ ಕೆಲಸ ಮುಗಿಯಿತು.

ಕಾನ್‌ಸ್ಟಾಂಟಿನೋಪಲಿನಲ್ಲಿ ಮುಗಿಯಲಿಲ್ಲ. ಹೊಸ ಲಿಪಿ ಗೆದ್ದಿತು, ಅದರಲ್ಲಿ ಸಂದೇಹವಿಲ್ಲ. ೧೮೧೫ರಲ್ಲಿ ಅದನ್ನು ಕಲಿಸುವ ಶಾಲೆ ತೆರೆಯಿತು. ೧೮೨೦ರಲ್ಲಿ ಬುಖಾರೆಸ್ಟಿನಲ್ಲಿ ಮೊದಲ ಸ್ವರಪುಸ್ತಕ ಅಚ್ಚಾಯಿತು. ೧೮೩೨ರಲ್ಲಿ ಕ್ರಿಸಾಂಥೋಸರ ದೊಡ್ಡ ಶಾಸ್ತ್ರಗ್ರಂಥ ತ್ರಿಯೆಸ್ತೆಯಲ್ಲಿ ಹೊರಬಿತ್ತು. ಹೂರ್ಮೂಝಿಯೋಸರು ಹಳೆಯ ಹಾಡುಗಳನ್ನು ಹೊಸ ಲಿಪಿಗೆ ಇಳಿಸಿ ಸಂಪುಟದ ಮೇಲೆ ಸಂಪುಟ ಬರೆದರು. ಜಗಳ ಹುಟ್ಟಿದುದು ಅಂಕಿಗಳಿಂದ. ಕ್ರಿಸಾಂಥೋಸರು ತಂತಿಯ ಅಳತೆಯಾಗಿ ಮೂರು ಹೆಜ್ಜೆಗಳಿಗೆ ೯ಕ್ಕೆ ೮, ೧೨ಕ್ಕೆ ೧೧, ೮೮ಕ್ಕೆ ೮೧ ಎಂಬ ಅನುಪಾತಗಳನ್ನೂ ಕೊಟ್ಟಿದ್ದರು. ಅವನ್ನು ಗುಣಿಸಿದರೆ ಶುದ್ಧ ಮಧ್ಯಮವೇನೋ ಬರುತ್ತದೆ. ಆದರೆ ೧೨, ೯, ೭ ಎಂಬ ಭಾಗಸಂಖ್ಯೆಗಳಿಗೂ ಈ ಅನುಪಾತಗಳಿಗೂ ತಾಳೆ ಬೀಳುವುದಿಲ್ಲ. ಚಿಕ್ಕ ಹೆಜ್ಜೆ ಅನುಪಾತದಲ್ಲಿ ಇರುವುದಕ್ಕಿಂತ ಭಾಗದ ಲೆಕ್ಕದಲ್ಲಿ ಗಮನಾರ್ಹವಾಗಿ ಕಿರಿದು. ಯಾವುದನ್ನು ನಂಬುವುದು?

ಈ ಪ್ರಶ್ನೆ ಬರಿಯ ಪಂಡಿತರ ಕಾಲಕ್ಷೇಪವಾಗಿರಲಿಲ್ಲ. ಹೊತ್ತು ಅಂಥದಾಗಿತ್ತು. ೧೮೪೦ರ ದಶಕದಲ್ಲಿ ವಿಯೆನ್ನಾದ ಗ್ರೀಕರು ತಮ್ಮ ದೇವಾಲಯಗ‌ಳಲ್ಲಿ ಐರೋಪ್ಯ ಪದ್ಧತಿಯ ನಾಲ್ಕು ದನಿಗಳ ಮೇಳವನ್ನು ತಂದರು. ಅದರೊಡನೆ ಪಿಯಾನೊ ಮನೆಗಳ ಹನ್ನೆರಡು ಸ್ವರಗಳೂ ಬಂದವು. ೧೮೪೬ರಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಪೀಠ ಅದನ್ನು ಖಂಡಿಸಿ ಪತ್ರ ಹೊರಡಿಸಿತು. ಖಂಡಿಸಿದ್ದೇನೋ ಸರಿ, ನಿಮ್ಮ ಸ್ವರಗಳು ಯಾವುವು, ಅಳತೆ ಕೊಡಿ ಎಂದು ಎದುರಿನವನು ಕೇಳಿದರೆ ಕೊಡುವುದೇನು? ಕಿವಿಯಲ್ಲಿದೆ ಎಂದರೆ ಆ ಕಾಲದ ವಿದ್ಯಾವಂತರು ಒಪ್ಪುವವರಲ್ಲ. ನಮ್ಮ ಆಕಾಶವಾಣಿ ೧೯೪೦ರಿಂದ ಸುಮಾರು ಮೂರು ದಶಕ ಹಾರ್ಮೋನಿಯಮ್ಮನ್ನು ಹೊರಗಿಟ್ಟಿದ್ದಾಗ ನಡೆದ ವಾದವಿವಾದಗಳಲ್ಲಿಯೂ ಇದೇ ದನಿ ಕೇಳುತ್ತಿತ್ತು: ಶ್ರುತಿ ಕೆಡುತ್ತದೆ ಎನ್ನುವವರು ಒಂದು ಕಡೆ, ಶ್ರುತಿಗಳನ್ನು ಎಣಿಸಿ ತೋರಿಸಿ ಎನ್ನುವವರು ಇನ್ನೊಂದು ಕಡೆ.

೧೮೮೧ರಲ್ಲಿ ಧರ್ಮಪೀಠ ಒಂದು ಸಮಿತಿಯನ್ನು ನೇಮಿಸಿತು. ಸಮಿತಿಯವರು ಗಾಯಕರನ್ನು ಕೂರಿಸಿಕೊಂಡು, ತಂತಿಯ ಮೇಲೆ ಅಳೆದು, ೧೮೮೩ರ ವೇಳೆಗೆ ಹೊಸ ಲೆಕ್ಕ ಸಿದ್ಧಪಡಿಸಿದರು. ಸ್ಥಾಯಿಗೆ ೩೬ ಭಾಗ. ಹೆಜ್ಜೆಗಳು ೬, ೫, ೪. ಬಳಕೆಯ ಅನುಕೂಲಕ್ಕೆ ಇದನ್ನು ಇಮ್ಮಡಿಸಿ ೭೨ ಭಾಗ, ಹೆಜ್ಜೆಗಳು ೧೨, ೧೦, ೮ ಎಂದು ಪಾಠಪುಸ್ತಕಗಳು ಹೇಳುತ್ತವೆ. (ಎಪ್ಪತ್ತೆರಡನ್ನು ಕಂಡು ಮೇಳಕರ್ತಗಳನ್ನು ಇಲ್ಲಿಗೆ ಎಳೆಯಬಾರದು; ಅದು ಬೇರೆ ಲೆಕ್ಕ.) ಕ್ರಿಸಾಂಥೋಸರ ಚಿಕ್ಕ ಹೆಜ್ಜೆ ಈಗ ತುಸು ಹಿಗ್ಗಿತು, ದೊಡ್ಡ ಹೆಜ್ಜೆ ತುಸು ಕುಗ್ಗಿತು. ಹೀಗೆ ಅಳೆದ ಸ್ವರಗಳನ್ನೆಲ್ಲ ನುಡಿಸಬಲ್ಲ ಆರ್ಗನ್ ಮಾದರಿಯ ಒಂದು ವಾದ್ಯವನ್ನೂ ಸಮಿತಿ ಮಾಡಿಸಿತು. ಕಿವಿಯಲ್ಲಿದ್ದುದನ್ನು ಮನೆಗಳ ಮೇಲೆ ಕೂರಿಸಿ ತೋರಿಸಿದ್ದಾಯಿತು.

ಆದರೆ ಅಳೆಯಲು ಕುಳಿತ ಸಮಿತಿಯೇ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಯಿತು. ಕೆಲವು ಸ್ವರಗಳು, ಮುಖ್ಯವಾಗಿ ‘ವು’ ಮತ್ತು ‘ಝೋ’, ಒಂದು ಜಾಗದಲ್ಲಿ ನಿಲ್ಲುವುದೇ ಇಲ್ಲ. ಹಾಡು ಏರುತ್ತಿದ್ದರೆ ಮೇಲಿನ ಸ್ವರ ಅವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಇಳಿಯುತ್ತಿದ್ದರೆ ಕೆಳಗಿನದು ಎಳೆದುಕೊಳ್ಳುತ್ತದೆ. ಇದಕ್ಕೆ ಅವರಲ್ಲಿ ‘ಎಳೆತ’ ಎಂದೇ ಹೆಸರು. ತೋಡಿಯ ಗಾಂಧಾರವನ್ನು ‘ಗ’ ಎಂದು ಬರೆದು ಶಿಷ್ಯನ ಕೈಗೆ ಕೊಟ್ಟವರಿಗೆ ಆ ಸಮಿತಿಯವರ ಪಾಡು ಚೆನ್ನಾಗಿ ಅರ್ಥವಾಗುತ್ತದೆ.

ಇಂದಿಗೂ ಇಸ್ತಾಂಬುಲ್, ಅಥೆನ್ಸ್, ಥೆಸಲೊನೀಕಿಗಳ ಗಾಯಕರಲ್ಲಿ ಅಂಕಿಗಳ ವಿಷಯದಲ್ಲಿ ಒಮ್ಮತವಿಲ್ಲ. ಕ್ರಿಸಾಂಥೋಸರ ೬೮ ಹಿಡಿದವರುಂಟು, ಸಮಿತಿಯ ೭೨ ಹಿಡಿದವರುಂಟು. ಎರಡನ್ನೂ ಬದಿಗಿಟ್ಟು ತಮ್ಮ ಗುರು ಹಾಡಿದಂತೆ ಹಾಡುತ್ತೇವೆನ್ನುವವರು ಇನ್ನೂ ಹೆಚ್ಚು. ಪುಟದ ಮೇಲೆ ‘ಗ’ದ ನೆತ್ತಿಯಲ್ಲಿ ‘ನಿ’ಯ ಫ್ಥೊರಾ ಕಂಡೊಡನೆ ಮಾತ್ರ ಈ ಮೂವರೂ ಒಂದೇ ಕಡೆಗೆ ತಿರುಗುತ್ತಾರೆ. ‘ಕೆ’ ಎಷ್ಟು ಭಾಗ ಇಳಿಯಬೇಕೆಂದು ಅವರು ಆಮೇಲೆ ಜಗಳವಾಡಬಹುದು. ವಿಯೆನ್ನಾದ ಪಪೈರಸ್ ಚೂರಿನ ಮುಂದೆ ನಿಂತವನಿಗೆ ಜಗಳವಾಡಲು ಜೊತೆಗೆ ಒಬ್ಬ ಹಾಡುಗಾರನೂ ಸಿಗುವುದಿಲ್ಲ.